ಒಂದು ಮೀಟರ್ ಫ್ಲೀಸಿನಲ್ಲಿ ತುಂಬುತೋಳಿನ ಸ್ವೆಟ್‌ಶರ್ಟ್: ಮೂರು ಕಟಿಂಗ್‌ಗಳ ಹೋಲಿಕೆ

ತಿರುಪ್ಪೂರಿನಿಂದ ಬರುವ ಹೆಚ್ಚುವರಿ ನಿಟ್ ಬಟ್ಟೆ ಕಿಲೋ ಲೆಕ್ಕದಲ್ಲಿ ತುಂಡುತುಂಡಾಗಿ ಮಾರಾಟವಾಗುವುದರಿಂದ, ಮನಸ್ಸಿಗೆ ಒಪ್ಪಿದ ಬಣ್ಣದಲ್ಲಿ ಸಾಕಷ್ಟು ಉದ್ದ ಸಿಗುವುದು ಅಪರೂಪ. ಮಡಿಕೇರಿಯ ಮಳೆಗಾಲದ ಚಳಿಗೆಂದು ನನ್ನ ತಂಗಿಗೆ, 36 ಇಂಚು ಎದೆಯಳತೆಗೆ, ಇಂಥ ತುಂಡುಗಳಲ್ಲಿಯೇ ಮೂರು ಬಗೆಯ ಸ್ವೆಟ್‌ಶರ್ಟ್ ಹೊಲಿದಿದ್ದೇನೆ. ಬಟ್ಟೆ ಮೂರಕ್ಕೂ ಒಂದೇ: ಒಳಮೈಗೆ ಬ್ರಷ್ ಮಾಡಿದ, ಚದರ ಮೀಟರಿಗೆ 280 ಗ್ರಾಂ ತೂಗುವ ಹತ್ತಿಯ ಫ್ಲೀಸ್. ನೀರಿಗೆ ಹಾಕಿ ಒಣಗಿಸಿದ ಮೇಲೆ ಪ್ರತಿ ತುಂಡೂ 39 ಇಂಚು ಉದ್ದ, 60 ಇಂಚು ಪನ್ನ ಇತ್ತು. ಕತ್ತು, ಮಣಿಕಟ್ಟು ಮತ್ತು ಕೆಳಅಂಚಿನ ಪಟ್ಟಿಗಳಿಗೆ ಕಾಲು ಮೀಟರ್ ರಿಬ್ ಬಟ್ಟೆಯನ್ನು (ಗೆರೆಗೆರೆಯಾಗಿ ಹೆಣೆದ, ಚೆನ್ನಾಗಿ ಹಿಗ್ಗುವ ಬಟ್ಟೆ) ಬೇರೆಯಾಗಿ ತೆಗೆದುಕೊಂಡಿದ್ದೆ. ಬಟ್ಟೆ ಕಡಿಮೆ ಇರುವಾಗ ರಿಬ್ ಬಹಳ ನೆರವಾಗುತ್ತದೆ; ಎರಡೂವರೆ ಇಂಚಿನ ಪಟ್ಟಿ ಜೋಡಿಸಿದರೆ ಬಾಡಿಯಲ್ಲಿಯೂ ತೋಳಿನಲ್ಲಿಯೂ ಅಷ್ಟಷ್ಟು ಫ್ಲೀಸ್ ಉಳಿಯುತ್ತದೆ.

ಮೊದಲನೆಯದು ಭುಜದ ತುದಿಯಲ್ಲಿ ತೋಳು ಕೂಡಿಸುವ ಸಾಮಾನ್ಯ ಕಟಿಂಗ್. ಮುಂಭಾಗ, ಹಿಂಭಾಗಗಳಿಗೆ 21 ಇಂಚಿನಂತೆ 42 ಇಂಚು ಪನ್ನ ಹೋದರೆ, ಉಳಿಯುವ 18 ಇಂಚಿನಲ್ಲಿ ಒಂದೇ ತೋಳು ಬರುತ್ತದೆ. ಇನ್ನೊಂದನ್ನು ಅಡ್ಡಲಾಗಿ ಕತ್ತರಿಸುವ ಆಸೆಯಾಗುವುದು ಸಹಜವಾದರೂ ಅದು ಸಲ್ಲದು. ಈ ಬಟ್ಟೆ ಪನ್ನದ ದಿಕ್ಕಿನಲ್ಲಿ ಹೆಚ್ಚು ಹಿಗ್ಗುತ್ತದೆ. ಆ ಹಿಗ್ಗು ತೋಳಿನ ಸುತ್ತ ಇರಬೇಕೇ ಹೊರತು ಉದ್ದಕ್ಕಲ್ಲ. ಹಾಗಾಗಿ ಎರಡೂ ತೋಳುಗಳನ್ನು ಮೊಣಕೈ ಬಳಿ ಜೋಡಿಸಿದೆ. ಮೈಮೇಲೆ ಇದು ಮೂರರಲ್ಲಿ ಅತ್ಯಂತ ಅಚ್ಚುಕಟ್ಟಾಗಿ ಕೂರುತ್ತದೆ, ಮೇಲೆ ಜಾಕೆಟ್ ಹಾಕಲು ಅಡ್ಡಿಯಿಲ್ಲ. ಆದರೆ ದಪ್ಪ ಫ್ಲೀಸಿನ ಆ ಜೋಡಣೆ ಕೈ ಮಡಚಿದಾಗಲೆಲ್ಲ ಮೊಣಕೈಗೆ ಒತ್ತುತ್ತದೆಯೆಂದು ತಂಗಿ ಹೇಳಿದಳು.

ಎರಡನೆಯದು ಕತ್ತಿನಿಂದ ಕಂಕುಳಿನವರೆಗೆ ಓರೆ ಹೊಲಿಗೆ ಬರುವ ರಾಗ್ಲಾನ್. ಇದರ ತೋಳು ಕತ್ತಿನಿಂದಲೇ ಆರಂಭವಾಗುವುದರಿಂದ ಇನ್ನೂ ಉದ್ದವಾಗಿರುತ್ತದೆ, ಒಂದೇ ತುಂಡಿನಲ್ಲಿ ಉಳಿತಾಯವೇನೂ ಇಲ್ಲ. ಬೂದು ಬಾಡಿಗೆ ಕಡು ಹಸಿರಿನ ಬೇರೆ ತುಂಡಿನಿಂದ ತೋಳು ಕತ್ತರಿಸಿದೆ. ಬಣ್ಣ ಬೇರೆಯಾದರೂ ಬೇಕೆಂದೇ ಮಾಡಿದಂತೆ ಕಾಣುವ ಕಟಿಂಗ್ ಇದೊಂದೇ. ಎರಡೂ ಬಟ್ಟೆಗಳ ತೂಕ ಮತ್ತು ಹಿಗ್ಗು ಸಮನಾಗಿರಬೇಕು, ಎರಡನ್ನೂ ಮೊದಲೇ ಒಗೆದಿರಬೇಕು.

ಮೂರನೆಯದೇ ನನಗೆ ಹೆಚ್ಚು ಹಿಡಿಸಿದ್ದು. ಇದರಲ್ಲಿ ತೋಳಿನ ಮೇಲ್ಭಾಗ ಬಾಡಿಯ ಜೊತೆಗೇ ಬರುತ್ತದೆ, ಜೋಡಣೆ ಭುಜದಿಂದ ಇಳಿದು ರಟ್ಟೆಗೆ ಬರುತ್ತದೆ. 60 ಇಂಚು ಪನ್ನವನ್ನು ಸರಿಯಾಗಿ ಎರಡು ಪಾಲು ಮಾಡಿದರೆ ಮುಂಭಾಗಕ್ಕೆ 30, ಹಿಂಭಾಗಕ್ಕೆ 30 ಇಂಚು. ರಿಬ್ ಇರುವುದರಿಂದ ಬಾಡಿಯ ಉದ್ದ 23 ಇಂಚು ಸಾಕು. ಆಗ ಕೆಳಗೆ 16 ಇಂಚು ಎತ್ತರದ ಪಟ್ಟಿ ಇಡೀ ಪನ್ನಕ್ಕೆ ಉಳಿಯುತ್ತದೆ; ಅದರಲ್ಲಿ 14 ಇಂಚು ಉದ್ದದ ಎರಡು ಕೆಳತೋಳುಗಳು ಸರಿಯಾದ ದಿಕ್ಕಿನಲ್ಲಿಯೇ ಬಂದು, ಒಂದು ಜೇಬಿಗೂ ಬಟ್ಟೆ ಮಿಗುತ್ತದೆ. ಬೆನ್ನಿನ ನಡುವಿನಿಂದ ಲೆಕ್ಕ ಹಾಕಿದರೆ ಬಾಡಿಯ ಹದಿನಾಲ್ಕೂವರೆ, ಕೆಳತೋಳಿನ ಹದಿಮೂರು, ರಿಬ್ಬಿನ ಎರಡೂವರೆ ಸೇರಿ 30 ಇಂಚಾಗಿ ಮಣಿಕಟ್ಟು ಮುಚ್ಚುತ್ತದೆ.

ಹೊಲಿಗೆಯಲ್ಲೂ ಇದು ಸುಲಭ. ಮೊದಲನೆಯದರಲ್ಲಿ ತೋಳಿನ ಬಾಗನ್ನು ಬಾಡಿಯ ಬಾಗಿಗೆ ಕೂಡಿಸುವಾಗ ಬಟ್ಟೆ ಎಳೆದುಕೊಂಡು ಅಲೆಯಲೆಯಾಗುತ್ತದೆ. ಇಲ್ಲಿ ಆ ಜೋಡಣೆ ನೇರವಾಗಿರುವುದರಿಂದ, ಓವರ್‌ಲಾಕ್ ಇಲ್ಲದ ಮನೆಯ ಮಷಿನ್ನಿನಲ್ಲಿಯೂ ಬಾಲ್ ಪಾಯಿಂಟ್ ಸೂಜಿ ಹಾಕಿ ಸಣ್ಣ ಜಿಗ್‌ಜಾಗ್ ಹೊಲಿಗೆಯಲ್ಲಿ ಮುಗಿಸಬಹುದು. ಕಂಕುಳಿನ ಮೂಲೆಯನ್ನು ಮಾತ್ರ ಚೂಪಾಗಿ ಬಿಡದೆ ದುಂಡಗೆ ತಿರುಗಿಸಿ, ಎರಡು ಸಲ ಹೊಲಿದು, ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಬೇಕು. ಇಲ್ಲದಿದ್ದರೆ ಕೈ ಎತ್ತಿದಾಗ ಅಲ್ಲಿ ಜಗ್ಗುತ್ತದೆ. ಕಂಕುಳಲ್ಲಿ ಬಟ್ಟೆ ಗುಂಪಾಗುವುದು ಈ ಕಟಿಂಗಿನ ಸ್ವಭಾವ, ಬಿಗಿ ಜಾಕೆಟ್ಟಿನೊಳಗೆ ಅದು ಹೊಂದುವುದಿಲ್ಲ. ಮನೆಯಲ್ಲಿ ಸಡಿಲವಾಗಿ, ಬೆಚ್ಚಗೆ ಹಾಕಿಕೊಳ್ಳುವ ಉಡುಪಿಗೆ ಅದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ.

ಮಕ್ಕಳ ಅಳತೆಗೆ ಈ ಪರದಾಟವೇ ಬೇಡ. ಎದೆಯಳತೆ 28 ಇಂಚಿನೊಳಗಿದ್ದರೆ ಬಾಡಿಗೆ 34 ಇಂಚು ಪನ್ನ ಸಾಕಾಗುವುದರಿಂದ, ಉಳಿದ 26 ಇಂಚಿನಲ್ಲಿ ಸಾಮಾನ್ಯ ಕಟಿಂಗಿನ ಎರಡು ತೋಳುಗಳೂ ಪಕ್ಕಪಕ್ಕದಲ್ಲಿ, ಎಲ್ಲಿಯೂ ಜೋಡಣೆಯಿಲ್ಲದೆ ಬರುತ್ತವೆ.