ಹೊರಗಿನ ಕಮ್ಯಾಂಡ್ ಓಡಿಸಲು ನಾಲ್ಕು ದಾರಿ: ಒಂದೇ ಫೋಲ್ಡರಿನ ಮೇಲೆ ಪರೀಕ್ಷೆ

ತಾಳಮದ್ದಳೆಯ ಹಳೆಯ ಧ್ವನಿಮುದ್ರಣಗಳನ್ನು ಜನ ಅಪ್‌ಲೋಡ್ ಮಾಡಿದ ಕೂಡಲೇ ಎಂಪಿ3ಗೆ ಬದಲಿಸುವ ಸಣ್ಣ ಪೈಥಾನ್ ಪ್ರೋಗ್ರಾಮ್ ಒಂದನ್ನು ನೋಡಿಕೊಳ್ಳುತ್ತಿದ್ದೇನೆ. ನಿಜವಾದ ಕೆಲಸ ಧ್ವನಿ, ವಿಡಿಯೋ ಫೈಲುಗಳನ್ನು ಬದಲಿಸುವ ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಮಿನದ್ದು. ನನ್ನ ಪ್ರೋಗ್ರಾಮ್ ಅದನ್ನು ಕರೆಯುತ್ತದೆ ಅಷ್ಟೇ. ಆದರೆ ಫೈಲಿಗೆ ಹೆಸರಿಡುವವರು ಬೇರೆಯವರು. ಅವರಿಟ್ಟ ಹೆಸರು ನೇರವಾಗಿ ನನ್ನ ಸರ್ವರಿನ ಕಮ್ಯಾಂಡಿನೊಳಗೆ ಬಂದು ಕೂರುತ್ತದೆ. ಕರೆಯುವ ದಾರಿ ಯಾವುದಿರಬೇಕು ಎಂದು ತೀರ್ಮಾನಿಸಲು, ಬೇಕೆಂದೇ ತಂಟೆಯ ಹೆಸರುಗಳಿರುವ ಒಂದು ಫೋಲ್ಡರ್ ಮಾಡಿಕೊಂಡೆ. 'ಕರ್ಣಪರ್ವ ಭಾಗ 2' ಎಂಬಲ್ಲಿ ಖಾಲಿ ಜಾಗ, 'ವಾಲಿವಧೆ'ಯ ಸುತ್ತ ಉದ್ಧರಣ ಚಿಹ್ನೆ, 'ಸುಧನ್ವ; ಟಚ್ ಹೊಕ್ಕೆ' ಎಂಬಲ್ಲಿ ಅರ್ಧವಿರಾಮದ ನಂತರ ಇನ್ನೊಂದು ಕಮ್ಯಾಂಡ್ (ಟಚ್ ಎಂದರೆ ಖಾಲಿ ಫೈಲ್ ಮಾಡುವ ಕಮ್ಯಾಂಡ್), '10:30 ಪ್ರಸಂಗ' ಎಂಬಲ್ಲಿ ಕೋಲನ್, '-ಅಂಗದ ಸಂಧಾನ' ಎಂಬಲ್ಲಿ ಮೊದಲಿಗೇ ಅಡ್ಡಗೆರೆ.

ಮೊದಲನೆಯದು ಪೈಥಾನಿನ ಓಎಸ್.ಸಿಸ್ಟಮ್ ಫಂಕ್ಷನ್. ಇಡೀ ಕಮ್ಯಾಂಡನ್ನು ಒಂದೇ ಸ್ಟ್ರಿಂಗಾಗಿ ಜೋಡಿಸಿ ಕೊಟ್ಟರೆ, ಯುನಿಕ್ಸ್ ಮಾದರಿಯ ಯಂತ್ರಗಳಲ್ಲಿ ಅದು ಶೆಲ್ಲಿನ, ಅಂದರೆ ಟೈಪಿಸಿದ ಕಮ್ಯಾಂಡನ್ನು ಓದಿ ಓಡಿಸುವ ಪ್ರೋಗ್ರಾಮಿನ, ಕೈಗೆ ಹೋಗುತ್ತದೆ. ಖಾಲಿ ಜಾಗವಿದ್ದ ಹೆಸರು ಅಲ್ಲೇ ತುಂಡಾಯಿತು. ಸುಧನ್ವನ ಸರದಿ ಬಂದಾಗ 'ಹೊಕ್ಕೆ' ಎಂಬ ಹೆಸರಿನ ಖಾಲಿ ಫೈಲ್ ಫೋಲ್ಡರಿನಲ್ಲಿ ಹುಟ್ಟಿಕೊಂಡಿತು. ಟಚ್ ಇದ್ದ ಜಾಗದಲ್ಲಿ ಅಳಿಸುವ ಕಮ್ಯಾಂಡ್ ಇದ್ದರೂ ಶೆಲ್ ಇಷ್ಟೇ ನಿಷ್ಠೆಯಿಂದ ಪಾಲಿಸುತ್ತಿತ್ತು. ಹೆಸರಿನ ಸುತ್ತ ಜೋಡಿ ಉದ್ಧರಣ ಚಿಹ್ನೆ ಹಾಕಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಸಾಲದು. ಅದರೊಳಗೂ ಡಾಲರ್ ಮತ್ತು ಆವರಣ ಸೇರಿಸಿ ಬರೆದ ಕಮ್ಯಾಂಡ್ ಓಡಿಯೇ ಓಡುತ್ತದೆ. 2016ರಲ್ಲಿ, ಚಿತ್ರಗಳನ್ನು ಬದಲಿಸುವ ಇಮೇಜ್‌ಮ್ಯಾಜಿಕ್‌ನಲ್ಲಿ ಸಿಕ್ಕಿಬಿದ್ದ ಇಮೇಜ್‌ಟ್ರ್ಯಾಜಿಕ್ ದೋಷದ ಬೇರೂ ಇದೇ: ಹೊರಗಿನಿಂದ ಬಂದ ಪಠ್ಯವನ್ನು ಸರಿಯಾಗಿ ಸೋಸದೆ ಶೆಲ್ ಕಮ್ಯಾಂಡಿನೊಳಗೆ ಸೇರಿಸಿದ್ದು. ಬೇರೆಯವರು ಕೊಟ್ಟ ಒಂದೇ ಒಂದು ಅಕ್ಷರ ಸೇರುವ ಕಡೆಯೂ ಓಎಸ್.ಸಿಸ್ಟಮ್ ಬಳಸಬೇಡಿ ಎಂಬುದು ನನ್ನ ಖಚಿತ ಮಾತು.

ಎರಡನೆಯ ದಾರಿಯಲ್ಲೂ ಶೆಲ್ ಇದೆ, ಆದರೆ ಹೆಸರನ್ನು ಶ್ಲೆಕ್ಸ್.ಕೋಟ್ ಮೂಲಕ ಹಾಯಿಸುತ್ತೇವೆ. ಪೈಥಾನ್ 3.3ರಿಂದ ಇರುವ ಈ ಫಂಕ್ಷನ್ ಹೆಸರಿನ ಸುತ್ತ ಒಂಟಿ ಉದ್ಧರಣ ಚಿಹ್ನೆ ಹಾಕಿ, ಒಳಗಿರುವ ಒಂಟಿ ಚಿಹ್ನೆಗಳನ್ನೂ ಜೋಪಾನ ಮಾಡುತ್ತದೆ. ಕನ್ನಡ ಅಕ್ಷರ ಕಂಡರೂ ಚಿಹ್ನೆ ಹಾಕುತ್ತದೆ, ಏಕೆಂದರೆ ಅದರ ಸುರಕ್ಷಿತ ಪಟ್ಟಿಯಲ್ಲಿರುವುದು ಇಂಗ್ಲಿಷ್ ಅಕ್ಷರ, ಅಂಕಿಗಳಂಥ ಕೆಲವು ಆಸ್ಕಿ ಅಕ್ಷರಗಳು ಮಾತ್ರ. ಕರ್ಣಪರ್ವ, ವಾಲಿವಧೆ, ಸುಧನ್ವ ಮೂರೂ ಸಲೀಸಾಗಿ ಪಾಸಾದವು. ಆದರೂ ಈ ದಾರಿ ನನಗೆ ಒಗ್ಗಲಿಲ್ಲ. ಕಮ್ಯಾಂಡಿನ ಮಾದರಿಯಲ್ಲಿ ಹೆಸರು ಬರುವ ಜಾಗಕ್ಕೆ ಯಾರೋ ಮೊದಲೇ ಒಂಟಿ ಚಿಹ್ನೆ ಹಾಕಿಟ್ಟಿದ್ದರೆ, ಕೋಟ್ ಹಾಕಿದ ಚಿಹ್ನೆ ಅದರ ಪಕ್ಕಕ್ಕೆ ಬಂದು ಎರಡೂ ಒಂದನ್ನೊಂದು ಮುಚ್ಚಿಬಿಡುತ್ತವೆ. ನಡುವಿನ ಹೆಸರು ಮತ್ತೆ ಬೆತ್ತಲೆ. ಬೇಕೆಂದೇ ಹಾಗೆ ಮಾಡಿ ನೋಡಿದೆ, ಸುಧನ್ವ ಮತ್ತೆ ಒಳಹೊಕ್ಕ. ಕಾಪಾಡಲೆಂದು ಹಾಕಿದ ಎರಡು ಪದರ ಸೇರಿ ಏನೂ ಇಲ್ಲದಂತಾಗುವುದು ಕೋಡ್ ಓದುವವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಜೊತೆಗೆ ಈ ಫಂಕ್ಷನ್ ಪಾಸಿಕ್ಸ್ (ಯುನಿಕ್ಸ್ ಮಾದರಿಯ) ಶೆಲ್ಲುಗಳಿಗೆ ಮಾತ್ರ. ವಿಂಡೋಸಿನ ಶೆಲ್ ಆದ ಸಿಎಂಡಿಗೆ ಇದರ ಭರವಸೆ ಸಲ್ಲುವುದಿಲ್ಲ.

ಮೂರನೆಯದು ಸಬ್‌ಪ್ರೊಸೆಸ್.ರನ್‌ಗೆ ಲಿಸ್ಟ್ ಕೊಡುವುದು. ನನ್ನ ಆಯ್ಕೆ ಇದು. ಪ್ರೋಗ್ರಾಮಿನ ಹೆಸರು, ಫ್ಲ್ಯಾಗುಗಳು (ಅಡ್ಡಗೆರೆಯಿಂದ ಶುರುವಾಗುವ ಆಯ್ಕೆಗಳು), ಫೈಲಿನ ಹೆಸರು ಒಂದೊಂದೂ ಲಿಸ್ಟಿನ ಬೇರೆಬೇರೆ ಅಂಶ. ನಡುವೆ ಶೆಲ್ ಇಲ್ಲವೇ ಇಲ್ಲ, ಹಾಗಾಗಿ ಅರ್ಧವಿರಾಮಕ್ಕೂ ಡಾಲರಿಗೂ ವಿಶೇಷ ಅರ್ಥವಿಲ್ಲ. 'ಸುಧನ್ವ; ಟಚ್ ಹೊಕ್ಕೆ' ಎಂಬುದು ಉದ್ದನೆಯ ಒಂದು ಹೆಸರು, ಅಷ್ಟೇ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಎಕ್ಸೆಕ್ ಬದಲು ಎಕ್ಸೆಕ್‌ಫೈಲ್ ಬಳಸಿದರೆ ಸಿಗುವುದೂ ಇದೇ. ಗೋ ಭಾಷೆಯ ಓಎಸ್/ಎಕ್ಸೆಕ್ ತಾನಾಗಿ ಶೆಲ್ಲನ್ನು ಕರೆಯುವುದೇ ಇಲ್ಲ.

ಇಷ್ಟಕ್ಕೇ ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಅಂಗದ ಸಂಧಾನ ಇಲ್ಲೂ ಬಿತ್ತು. ಔಟ್‌ಪುಟ್ ಫೈಲಿನ ಹೆಸರು ಅಡ್ಡಗೆರೆಯಿಂದ ಶುರುವಾದದ್ದರಿಂದ ಎಫ್‌ಎಫ್‌ಎಂಪೆಗ್ ಅದನ್ನು ಫ್ಲ್ಯಾಗ್ ಎಂದುಕೊಂಡು ಗೊಣಗಿತು. ಗೊಣಗಿದರೆ ಪುಣ್ಯ, ಕೆಲವು ಪ್ರೋಗ್ರಾಮುಗಳು ಅಂಥ ಫ್ಲ್ಯಾಗನ್ನು ಪಾಲಿಸುತ್ತವೆ. 2017ರ ಆಗಸ್ಟಿನಲ್ಲಿ ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್, ಮರ್ಕ್ಯುರಿಯಲ್, ಸಬ್‌ವರ್ಷನ್ ಮೂರೂ ತುರ್ತಾಗಿ ಸರಿಪಡಿಸಿಕೊಂಡ ದೋಷ ಇದೇ ಜಾತಿಯದ್ದು. ವಿಳಾಸದಲ್ಲಿ ಹೋಸ್ಟ್ ಹೆಸರಿನ ಜಾಗಕ್ಕೆ ಅಡ್ಡಗೆರೆಯಿಂದ ಶುರುವಾಗುವ ಪಠ್ಯ ತುರುಕಿದರೆ, ದೂರದ ಯಂತ್ರಕ್ಕೆ ಸಂಪರ್ಕ ಕೊಡುವ ಎಸ್‌ಎಸ್‌ಎಚ್ ಅದನ್ನು ಆಯ್ಕೆಯೆಂದು ಓದಿ ದಾಳಿಕೋರ ಹೇಳಿದ ಕಮ್ಯಾಂಡ್ ಓಡಿಸುತ್ತಿತ್ತು. ಹಲವು ಪ್ರೋಗ್ರಾಮುಗಳಿಗೆ ಎರಡು ಅಡ್ಡಗೆರೆ ಕೊಟ್ಟು 'ಫ್ಲ್ಯಾಗ್ ಇಲ್ಲಿಗೆ ಮುಗಿಯಿತು' ಎಂದು ಹೇಳಬಹುದು. ಫೈಲುಗಳ ಮಟ್ಟಿಗೆ ನನಗೆ ಹೆಚ್ಚು ಹಿಡಿಸಿದ್ದು ಹೆಸರಿನ ಮುಂದೆ ಚುಕ್ಕಿ ಮತ್ತು ಓರೆಗೆರೆ ಸೇರಿಸುವುದು. '10:30 ಪ್ರಸಂಗ'ದ ರಗಳೆಯೂ ಅದರಿಂದಲೇ ತೀರಿತು: ಕೋಲನ್‌ಗೆ ಮೊದಲಿರುವ 10 ಅನ್ನು ಎಫ್‌ಎಫ್‌ಎಂಪೆಗ್ ಪ್ರೋಟೊಕಾಲ್ ಎಂದು ಓದಿ, ಅಂಥದ್ದು ಸಿಗಲಿಲ್ಲ ಎನ್ನುತ್ತಿತ್ತು. './10:30 ಪ್ರಸಂಗ' ಎಂದು ಕೊಟ್ಟಾಗ ತಕರಾರಿಲ್ಲದೆ ತೆರೆಯಿತು.

ಲಿಸ್ಟಿನ ಜೊತೆ ಇನ್ನೂ ಕೆಲವನ್ನು ಸೇರಿಸಿಯೇ ಬರೆಯುತ್ತೇನೆ. ಔಟ್‌ಪುಟ್ ಫೈಲ್ ಆಗಲೇ ಇದ್ದರೆ ಎಫ್‌ಎಫ್‌ಎಂಪೆಗ್ 'ಅಳಿಸಿ ಬರೆಯಲೇ?' ಎಂದು ಕೇಳಿ ಉತ್ತರಕ್ಕೆ ಕಾಯುತ್ತದೆ. ಸರ್ವರಿನಲ್ಲಿ ಉತ್ತರಿಸುವವರು ಯಾರು? ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನು ಓದಿದರೆ ಏನೂ ಸಿಗದ ಡೆವ್‌ನಲ್‌ಗೆ ಕಟ್ಟಿ, ಬೇಕೋ ಬೇಡವೋ ಎಂಬುದನ್ನು ಫ್ಲ್ಯಾಗಿನಲ್ಲೇ ಹೇಳಿಬಿಡಬೇಕು. ಚೆಕ್=ಟ್ರೂ ಹಾಕಿದರೆ ಸೋತ ಕಮ್ಯಾಂಡ್ ಎಕ್ಸೆಪ್ಶನ್ ಎಸೆಯುತ್ತದೆ, ಸದ್ದಿಲ್ಲದೆ ಜಾರಿಕೊಳ್ಳುವುದಿಲ್ಲ. ರನ್ ಬದಲು ಅದರ ಕೆಳಗಿನ ಪೋಪೆನ್ ತೆರೆದು, ಔಟ್‌ಪುಟ್ಟಿಗೆ ಪೈಪ್ ಕಟ್ಟಿ, ಬರೀ ವೇಟ್ ಕರೆದು ಕೂತರೆ ಅಪಾಯ: ಲಿನಕ್ಸಿನಲ್ಲಿ ಪೈಪಿನ ಬಫರ್ ಸಾಮಾನ್ಯವಾಗಿ 64 ಕೆಬಿ, ಅದು ತುಂಬಿದರೆ ಮಗು (ನಾವು ಶುರುಮಾಡಿದ ಪ್ರೊಸೆಸ್) ಬರೆಯಲಾರದೆ ಕಾಯುತ್ತದೆ, ತಾಯಿ (ನಮ್ಮ ಪ್ರೋಗ್ರಾಮ್) ಮಗು ಮುಗಿಯಲೆಂದು ಕಾಯುತ್ತದೆ. ರನ್ ಈ ಗಂಟನ್ನು ತಾನೇ ಬಿಡಿಸಿಕೊಳ್ಳುತ್ತದೆ. ಟೈಮ್‌ಔಟ್ ಕಡ್ಡಾಯ, ಆದರೆ ಅದು ಕೊಲ್ಲುವುದು ನೇರ ಮಗುವನ್ನು ಮಾತ್ರ. ಮಗು ಇನ್ನೊಂದು ಪ್ರೊಸೆಸ್ ಹುಟ್ಟಿಸಿದ್ದರೆ ಹೊಸ ಸೆಷನ್ನಿನಲ್ಲಿ ಶುರುಮಾಡಿ ಗುಂಪಿಗೇ ಸಿಗ್ನಲ್ ಕಳಿಸಬೇಕು.

ವಿಂಡೋಸಿನವರಿಗೆ ಒಂದು ಎಚ್ಚರಿಕೆ. ಅಲ್ಲಿ ಲಿಸ್ಟ್ ಕೊನೆಗೆ ಒಂದೇ ಸ್ಟ್ರಿಂಗಾಗಿ ಹೋಗುತ್ತದೆ, ಬ್ಯಾಚ್ ಫೈಲಾದರೆ ಸಿಎಂಡಿ ನಡುವೆ ಬರುತ್ತದೆ. 2024ರ ಏಪ್ರಿಲ್‌ನಲ್ಲಿ ರಸ್ಟ್ ಭಾಷೆಯ 1.77.2 ಆವೃತ್ತಿ ಬಿಡುಗಡೆಯಾದದ್ದು ಇದೇ ಬಿರುಕನ್ನು ಮುಚ್ಚಲು.

ನಾಲ್ಕನೆಯ ದಾರಿ ಕಮ್ಯಾಂಡೇ ಬೇಡವೆಂದು ಎಫ್‌ಎಫ್‌ಎಂಪೆಗ್‌ನ ಕೋಡನ್ನೇ ಪೈಥಾನಿನಿಂದ ಕರೆಯುವ ಪೈಎವಿಯಂಥ ಲೈಬ್ರರಿ ಬಳಸುವುದು. ಆರ್ಗ್ಯುಮೆಂಟಿನ ತಲೆನೋವು ಬಹುಪಾಲು ಇಲ್ಲ, ವೇಗಕ್ಕೂ ಕೊರತೆಯಿಲ್ಲ. ಆದರೆ ಅಪರಿಚಿತರು ಕೊಟ್ಟ ಮೀಡಿಯಾ ಫೈಲನ್ನು ಬಿಡಿಸುವ ಸಿ ಕೋಡ್ ಆಗ ನನ್ನ ಪ್ರೊಸೆಸ್ಸಿನೊಳಗೇ ಓಡುತ್ತದೆ. ಕೆಟ್ಟ ಫೈಲೊಂದು ಅದನ್ನು ಬೀಳಿಸಿದರೆ ಇಡೀ ಪ್ರೋಗ್ರಾಮ್ ಜೊತೆಗೆ ಬೀಳುತ್ತದೆ. ಬೇರೆ ಪ್ರೊಸೆಸ್ಸಾದರೆ ಬೀಳುವುದು ಅದೊಂದೇ, ಅದಕ್ಕೆ ಮೆಮೊರಿಯ ಮಿತಿಯನ್ನೂ ಹಾಕಬಹುದು. ಫೈಲ್ ನಕಲು, ಜಿಪ್, ಡೈರೆಕ್ಟರಿ ಮಾಡುವಂಥ ಕೆಲಸಗಳಿಗೆ ಕಣ್ಣುಮುಚ್ಚಿ ಲೈಬ್ರರಿ ಬಳಸುತ್ತೇನೆ, ಮೀಡಿಯಾಕ್ಕೆ ಇಲ್ಲ.

ಪೈಪ್‌ಲೈನ್ (ಒಂದು ಕಮ್ಯಾಂಡಿನ ಔಟ್‌ಪುಟ್ ಇನ್ನೊಂದರ ಇನ್‌ಪುಟ್ ಆಗುವಂತೆ ಜೋಡಿಸುವುದು) ನಿಜಕ್ಕೂ ಬೇಕಾದರೆ ಶೆಲ್ಲನ್ನೂ ಲಿಸ್ಟಿನಿಂದಲೇ ಕರೆಯಬಹುದು. ಎಸ್‌ಎಚ್, -ಸಿ, ಎಂದಿಗೂ ಬದಲಾಗದ ಸ್ಕ್ರಿಪ್ಟ್, ಮತ್ತೊಮ್ಮೆ ಎಸ್‌ಎಚ್, ಕೊನೆಯ ಅಂಶವಾಗಿ ಫೈಲಿನ ಹೆಸರು. ಸ್ಕ್ರಿಪ್ಟಿನೊಳಗೆ ಅದನ್ನು "$1" ಎಂದು ಜೋಡಿ ಚಿಹ್ನೆಯೊಳಗೇ ಬರೆದರೆ ಹೆಸರು ಸ್ಕ್ರಿಪ್ಟಿನ ಪಠ್ಯದಲ್ಲಿ ಬೆರೆಯುವುದಿಲ್ಲ. ಒಂದು ಕೊರತೆ ಉಳಿಯುತ್ತದೆ: ಪೈಪ್‌ಲೈನಿನಲ್ಲಿ ಶೆಲ್ ತಿಳಿಸುವುದು ಕೊನೆಯ ಕಮ್ಯಾಂಡಿನ ಫಲಿತಾಂಶವನ್ನು ಮಾತ್ರ. ಮೊದಲನೆಯದು ಸೋತದ್ದೂ ತಿಳಿಯಬೇಕಾದರೆ ಬ್ಯಾಷ್ ಎಂಬ ಶೆಲ್ ಕರೆದು ಪೈಪ್‌ಫೇಲ್ ಆಯ್ಕೆ ಹಾಕಿ.