ಕಳ್ಳಿಪೀರದ ಹಾರಾಟಕ್ಕೆ ತಕ್ಕ ಲೆನ್ಸ್: ನಿಕಾನ್ 500 ಎಂಎಂ ಪಿಎಫ್

ಹಾರುವ ಹಕ್ಕಿಯ ಚಿತ್ರವೆಂದರೆ ಬಹುಮಂದಿಗೆ ನೆನಪಾಗುವುದು ರೆಕ್ಕೆ ಹರಡಿ ತೇಲುವ ಗರುಡ, ಇಲ್ಲವೇ ರಂಗನತಿಟ್ಟಿನ ಮರಗಳಿಗೆ ಕಡ್ಡಿ ಕಚ್ಚಿಕೊಂಡು ಬರುವ ಬಣ್ಣದ ಕೊಕ್ಕರೆ. ಅವುಗಳನ್ನು ಹಿಡಿಯಲು ಸಾಧಾರಣ ಕ್ಯಾಮೆರಾ, ಸಾಧಾರಣ ಅಭ್ಯಾಸ ಸಾಕು. ಕಷ್ಟ ಶುರುವಾಗುವುದು ಕಳ್ಳಿಪೀರ, ಕವಲುತೋಕೆಯಂಥ ಅಂಗೈಯಲ್ಲಿ ಅಡಗುವ ಹಕ್ಕಿಗಳ ಸರದಿ ಬಂದಾಗ. ಆ ಒಂದೇ ಕೆಲಸವನ್ನು ಮುಂದಿಟ್ಟುಕೊಂಡು, ನಿಕಾನ್ ಕಂಪನಿಯ 500 ಎಂಎಂ ಎಫ್/5.6 ಪಿಎಫ್ ಲೆನ್ಸನ್ನು ಅದೇ ಕಂಪನಿಯ ಡಿ500 ಕ್ಯಾಮೆರಾದೊಂದಿಗೆ ಬಳಸಿದ ಮೇಲೆ ಬರೆದ ವಿಮರ್ಶೆ ಇದು. (ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ; ಎಫ್ ಪಕ್ಕದ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ.) ಕೂತ ಹಕ್ಕಿ, ಹುಲಿ, ಆನೆಗಳ ಮಾತು ಇಲ್ಲಿ ಬರುವುದಿಲ್ಲ.

2018ರಲ್ಲಿ ಬಂದ ಈ ಲೆನ್ಸಿನ ತೂಕ 1,460 ಗ್ರಾಂ. ಇದೇ ಕಂಪನಿಯ 500 ಎಂಎಂ ಎಫ್/4 ಲೆನ್ಸ್ 3,090 ಗ್ರಾಂ ತೂಗುತ್ತದೆ; ಬಹಳ ಜನ ಕೊಳ್ಳುವ 200-500 ಜೂಮ್ ಕೂಡ 2,300 ಗ್ರಾಂ ಇದೆ. ತೂಕ ಇಳಿದದ್ದರ ಗುಟ್ಟು ಪಿಎಫ್ (ಫೇಸ್ ಫ್ರೆನೆಲ್) ಎಂಬ ಗಾಜಿನಲ್ಲಿದೆ. ಅದರ ಮೈಮೇಲೆ ಬಳೆಗಳೊಳಗೆ ಬಳೆಗಳಂತೆ ಕೊರೆದ ಅತಿ ಸೂಕ್ಷ್ಮ ಗೀರುಗಳಿದ್ದು, ಸಾಮಾನ್ಯ ಗಾಜು ಬಣ್ಣಗಳನ್ನು ಯಾವ ದಿಕ್ಕಿಗೆ ಚದುರಿಸುತ್ತದೋ ಅದರ ವಿರುದ್ಧ ದಿಕ್ಕಿಗೆ ಇದು ಚದುರಿಸುತ್ತದೆ. ಒಂದು ಇನ್ನೊಂದರ ದೋಷವನ್ನು ಅಳಿಸುವುದರಿಂದ, ಬಣ್ಣದೋಷ ತಿದ್ದಲೆಂದೇ ಇಡಬೇಕಾಗಿದ್ದ ದಪ್ಪ ಗಾಜುಗಳ ಅಗತ್ಯ ಕಡಿಮೆಯಾಗಿ, ಲೆನ್ಸಿನ ಉದ್ದವೂ 237 ಮಿಲಿಮೀಟರಿಗೆ ಇಳಿದಿದೆ.

ತೂಕದ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣವಿದೆ. ಸಣ್ಣ ಕಳ್ಳಿಪೀರ ತಂತಿಯ ಮೇಲೋ ಒಣಗಿದ ಕೊಂಬೆಯ ತುದಿಯಲ್ಲೋ ನಿಮಿಷಗಟ್ಟಲೆ ಸುಮ್ಮನೆ ಕೂತಿದ್ದು, ಕಣ್ಣು ಮಿಟುಕಿಸುವುದರೊಳಗೆ ಚಿಮ್ಮಿ, ತುಂಬಿಯನ್ನೋ ಜೇನ್ನೊಣವನ್ನೋ ಗಾಳಿಯಲ್ಲೇ ಹಿಡಿದು, ಬಹುಪಾಲು ಅದೇ ಕೊಂಬೆಗೆ ಮರಳುತ್ತದೆ. ಅಷ್ಟು ಹೊತ್ತೂ ಕ್ಯಾಮೆರಾ ಕಣ್ಣಿನಿಂದ ಕೆಳಗೆ ಇಳಿಯಬಾರದು. ಮೂರು ಕಿಲೋ ಲೆನ್ಸ್ ಎತ್ತಿ ಹಿಡಿದವರ ತೋಳು ಮೂರನೆಯ ನಿಮಿಷಕ್ಕೆ ಸೋಲುತ್ತದೆ, ಮತ್ತು ಹಕ್ಕಿ ಹಾರುವುದು ಸರಿಯಾಗಿ ಆಗಲೇ. ಟ್ರೈಪಾಡ್ ಇದಕ್ಕೆ ಪರಿಹಾರವಲ್ಲ, ಏಕೆಂದರೆ ಹಕ್ಕಿ ತಿರುಗಿದಷ್ಟು ಬೇಗ ಟ್ರೈಪಾಡಿನ ತಲೆ ತಿರುಗುವುದಿಲ್ಲ; ರಂಗನತಿಟ್ಟಿನ ದೋಣಿಯಲ್ಲಂತೂ ಅದನ್ನು ಊರಲು ಜಾಗವೇ ಇಲ್ಲ. ನನ್ನ ಮಟ್ಟಿಗೆ ಈ ಲೆನ್ಸಿನ ಬೆಲೆಯ ಅರ್ಧದಷ್ಟು ಸಲ್ಲುವುದು, ತೋಳು ಸೋಲದೆ ಕಾಯಲು ಬಿಡುವ ಈ ಗುಣಕ್ಕೆ.

ಇನ್ನು ಲೆಕ್ಕಕ್ಕೆ ಬರೋಣ. ಡಿ500ರ ಚಿಕ್ಕ ಸೆನ್ಸರಿನ (ಚಿತ್ರ ಹಿಡಿಯುವ ಭಾಗದ) ಮೇಲೆ 500 ಎಂಎಂ ಲೆನ್ಸ್, ದೊಡ್ಡ ಫುಲ್ ಫ್ರೇಮ್ ಸೆನ್ಸರಿನ ಮೇಲೆ 750 ಎಂಎಂ ಲೆನ್ಸ್ ಕಾಣುವಷ್ಟೇ ಕಿರಿದಾದ ನೋಟವನ್ನು ಕೊಡುತ್ತದೆ. ಹಕ್ಕಿ ಎಂಟು ಮೀಟರ್ ದೂರದಲ್ಲಿದ್ದರೆ ಫ್ರೇಮಿನ ಅಗಲ ಕೇವಲ 38 ಸೆಂಟಿಮೀಟರ್, ಎತ್ತರ 25. ರೆಕ್ಕೆ ಬಿಚ್ಚಿದ ಕಳ್ಳಿಪೀರ ಒಂದು ಅಡಿಯ ಹತ್ತಿರ ಇರುವುದರಿಂದ ಚಿತ್ರ ತುಂಬಿಕೊಳ್ಳುವುದೇನೋ ನಿಜ, ಆದರೆ ಅದನ್ನು ಫ್ರೇಮಿನೊಳಗೆ ಇಟ್ಟುಕೊಳ್ಳುವುದೇ ಸಾಹಸ. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಹೋಗುವ ಹಕ್ಕಿ, ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಈ ಕ್ಯಾಮೆರಾದ ಎರಡು ಚಿತ್ರಗಳ ನಡುವೆ ಒಂದು ಮೀಟರ್ ಮುಂದೆ ಹೋಗಿರುತ್ತದೆ. ಶಟರ್ ವೇಗ, ಅಂದರೆ ಬೆಳಕು ಒಳಬರಲು ಬಿಡುವ ಹೊತ್ತು, ಸೆಕೆಂಡಿನ 1/1000 ಇದ್ದರೆ ಒಂದೇ ಚಿತ್ರದೊಳಗೆ ಅದು ಒಂದು ಸೆಂಟಿಮೀಟರ್ ಸರಿಯುತ್ತದೆ, 1/3200ರಲ್ಲಿ ಮೂರು ಮಿಲಿಮೀಟರ್. ಅದಕ್ಕೇ ನಾನು 1/3200ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಫೋಕಸ್ಸಿನ ಆಳವೋ, ಅಂದರೆ ಹಿಂದುಮುಂದಾಗಿ ಚೂಪಾಗಿ ಕಾಣುವ ಅಂತರ, ಎಂಟು ಮೀಟರಿಗೆ ಹೆಚ್ಚೆಂದರೆ ಆರು ಸೆಂಟಿಮೀಟರ್. ಕಣ್ಣು ಚೂಪಾಗಿ ಬಂದು ರೆಕ್ಕೆಯ ತುದಿ ಮಸುಕಾದರೆ ಅದು ಲೆನ್ಸಿನ ತಪ್ಪಲ್ಲ. ಆದ್ದರಿಂದ ಹನ್ನೆರಡು ಮೀಟರಿಗೆ ಹಿಂದೆ ಸರಿದು ಚಿತ್ರವನ್ನು ಆಮೇಲೆ ಕತ್ತರಿಸಿಕೊಳ್ಳುವುದು ಮೇಲು: ಫ್ರೇಮಿನ ಅಗಲ 56 ಸೆಂಟಿಮೀಟರ್ ಆಗುತ್ತದೆ, ಆಳ ಎರಡು ಪಟ್ಟಿಗಿಂತ ಹೆಚ್ಚುತ್ತದೆ, ಹಕ್ಕಿಗೂ ನೆಮ್ಮದಿ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ದಡದ ಮಣ್ಣುಗೋಡೆಗಳಲ್ಲಿ ಬಿಲ ತೋಡಿ ಗೂಡು ಮಾಡುವ ನೀಲಿಬಾಲದ ಕಳ್ಳಿಪೀರಗಳ ವಿಷಯದಲ್ಲಿ ಹನ್ನೆರಡು ಮೀಟರ್ ಕೂಡ ಹತ್ತಿರವೇ. ಬಾಯಲ್ಲಿ ಹುಳ ಹಿಡಿದ ಹಕ್ಕಿ ಬಿಲದೊಳಗೆ ಹೋಗದೆ ಸುತ್ತುತ್ತಿದ್ದರೆ ಅದಕ್ಕೆ ಅಡ್ಡಿಯಾಗಿರುವುದು ನಾವೇ.

ಲೆನ್ಸಿನ ಮೈಮೇಲಿರುವ ಗುಂಡಿಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಫೋಕಸ್ ದೂರವನ್ನು ನೆನಪಿಟ್ಟುಕೊಳ್ಳುವ ಸೌಲಭ್ಯ. ಹಕ್ಕಿ ಮರಳುವ ಕೊಂಬೆಯ ದೂರವನ್ನು ಮೊದಲೇ ಉಳಿಸಿಟ್ಟರೆ, ಹಾರಿಹೋದ ಹಕ್ಕಿಯ ಹಿಂದೆ ಫೋಕಸ್ ಎಲ್ಲೋ ಮೋಡಕ್ಕೆ ಹೋಗಿ ಕೂತಿದ್ದರೂ, ಬೆರಳೊತ್ತಿದ ಕ್ಷಣದಲ್ಲಿ ಅದು ಕೊಂಬೆಗೆ ವಾಪಸು ಬರುತ್ತದೆ. ಫೋಕಸ್ ಮಿತಿಯ ಗುಂಡಿಗೆ ಎಂಟು ಮೀಟರಿನಿಂದ ಆಚೆಗೆ ಎಂಬ ಒಂದೇ ಆಯ್ಕೆ ಇದ್ದು, ಕೆರೆಯ ಮೇಲಿನ ಕವಲುತೋಕೆಗೆ ಅದು ಸರಿ. ಅದಕ್ಕಿಂತ ಹತ್ತಿರದ ಹಕ್ಕಿಗೆ ಹಾಗೆಯೇ ಬಿಟ್ಟರೆ ಫೋಕಸ್ ಸಿಗುವುದೇ ಇಲ್ಲ. ಕವಲುತೋಕೆ ಬೇಟೆಯ ಹೊತ್ತಿನಲ್ಲಿ ಕೂರದೆ ನೀರಿನ ಮೇಲೆ ಸುತ್ತುವ ಹಕ್ಕಿಯಾದ್ದರಿಂದ ಗಾಳಿಯನ್ನೂ ಬಿಸಿಲನ್ನೂ ಬೆನ್ನಿಗೆ ಹಾಕಿಕೊಂಡು ನಿಲ್ಲಬೇಕು. ಎದುರುಗಾಳಿಯಲ್ಲಿ ಬರುವಾಗ ಅದರ ವೇಗ ತಗ್ಗುತ್ತದೆ, ಮುಖವೂ ನಮ್ಮ ಕಡೆಗೇ ಇರುತ್ತದೆ. ಹಾಗಿದ್ದೂ ಅಳಿಸುವ ಚಿತ್ರಗಳೇ ಹೆಚ್ಚು.

ಬೆಳಕಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳಲೇಬೇಕು. ಎಫ್/4ಕ್ಕೆ ಹೋಲಿಸಿದರೆ ಎಫ್/5.6 ಅರ್ಧದಷ್ಟೇ ಬೆಳಕನ್ನು ಒಳಗೆ ಬಿಡುತ್ತದೆ. ಒಳ್ಳೆಯ ಬಿಸಿಲಿನಲ್ಲಿ 1/3200ಕ್ಕೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಳತೆ) 400 ಸಾಕು. ಮೋಡ ಕವಿದ ದಿನ ಅದು 3200 ದಾಟಿ 6400ರ ಕಡೆಗೆ ಹೋಗುತ್ತದೆ, ಗರಿಗಳ ಸೂಕ್ಷ್ಮ ಗೀರುಗಳು ಆಗ ಕರಗಿಬಿಡುತ್ತವೆ. ಬಯಲುಸೀಮೆಯ ಕೆರೆಯಂಗಳಕ್ಕೆ ಒಪ್ಪುವ ಲೆನ್ಸ್ ಇದು. ಮಲೆನಾಡಿನ ಕಾಡಿನೊಳಗೆ ಹಾರುವ ಹಕ್ಕಿಗೆ ನಾನು ಇದನ್ನು ಹೇಳುವುದಿಲ್ಲ. ಪ್ರಬಲವಾದ ಬೆಳಕು ಫ್ರೇಮಿನೊಳಗಿದ್ದರೆ ಪಿಎಫ್ ಗಾಜಿನಿಂದ ಬಣ್ಣದ ಉಂಗುರಗಳು ಮೂಡಬಹುದೆಂದು ಕಂಪನಿಯೇ ತಿಳಿಸಿರುವುದರಿಂದ, ಸೂರ್ಯನಿಗೆ ಎದುರಾಗಿ ನೀರ ಮೇಲಿನ ಮಿಂಚನ್ನು ಹಿಡಿಯುವ ಆಸೆಯುಳ್ಳವರು ಎರಡು ಸಲ ಯೋಚಿಸಬೇಕು. 1.4 ಪಟ್ಟು ಹೆಚ್ಚಿಸುವ ಕನ್ವರ್ಟರ್ ಹಾಕಿದರೆ 700 ಎಂಎಂ ಸಿಗುತ್ತದೆ, ಆದರೆ ಅಪರ್ಚರ್ (ಬೆಳಕಿನ ಕಿಂಡಿ) ಎಫ್/8 ಆಗುವುದರಿಂದ ಹಾರಾಟಕ್ಕೆ ಅದು ಬೇಡ.

ಒಳಗೆ ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳ ಮುಂದೆ ಡಿ500 ಹಳೆಯದೇ, ಅದು 2016ರದ್ದು. ಎಫ್‌ಟಿಝಡ್ ಎಂಬ ಜೋಡಣೆಯ ಅಡಾಪ್ಟರಿನ ಮೂಲಕ ಇದೇ ಲೆನ್ಸನ್ನು ನಿಕಾನ್ ಕಂಪನಿಯ ಮಿರರ್‌ಲೆಸ್ ಕ್ಯಾಮೆರಾವಾದ ಝಡ್8ಕ್ಕೆ ಹಾಕಿದರೆ ಹಕ್ಕಿಯ ಕಣ್ಣನ್ನು ಕ್ಯಾಮೆರಾವೇ ಹುಡುಕುತ್ತದೆ, ಮತ್ತು ಗುಂಡಿ ಪೂರ್ತಿ ಒತ್ತುವುದಕ್ಕೆ ಒಂದು ಸೆಕೆಂಡಿನಷ್ಟು ಮುಂಚಿನ ಚಿತ್ರಗಳನ್ನೂ, ಜೆಪೆಗ್ (ಕುಗ್ಗಿಸಿದ ಚಿತ್ರ) ರೂಪದಲ್ಲಿ ಮಾತ್ರವಾದರೂ, ಉಳಿಸಿಕೊಡುತ್ತದೆ. ಕೊಂಬೆಯಿಂದ ಚಿಮ್ಮುವ ಕ್ಷಣಕ್ಕೆ ಇದಕ್ಕಿಂತ ದೊಡ್ಡ ವರ ಇನ್ನೊಂದಿಲ್ಲ.

2018ರಲ್ಲಿ ಅಮೆರಿಕದಲ್ಲಿ ಸುಮಾರು 3,600 ಡಾಲರಿಗೆ ಬಂದ ಲೆನ್ಸ್ ಇದು. ಇಂದು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟವರು ತಮ್ಮದೇ ಕ್ಯಾಮೆರಾ ಒಯ್ದು ಪರೀಕ್ಷಿಸಬೇಕು. ಡಿ500ರಂತೆ ಕನ್ನಡಿಯಿರುವ ಡಿಎಸ್ಎಲ್ಆರ್‌ನಲ್ಲಿ ಪ್ರತಿಯೊಂದು ಲೆನ್ಸಿಗೂ ಕ್ಯಾಮೆರಾಕ್ಕೂ ಫೋಕಸ್ ಹೊಂದಾಣಿಕೆ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಮತ್ತು ಆಳವೇ ಆರು ಸೆಂಟಿಮೀಟರ್ ಇರುವಾಗ ಮೂರು ಸೆಂಟಿಮೀಟರಿನ ತಪ್ಪು ಕಣ್ಣನ್ನು ಮಸುಕು ಮಾಡಲು ಸಾಕು. ಹತ್ತು ಮೀಟರ್ ದೂರದಲ್ಲಿ ಒಂದು ದಿನಪತ್ರಿಕೆಯನ್ನು ಓರೆಯಾಗಿ ನಿಲ್ಲಿಸಿ, ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿ ನಾಲ್ಕಾರು ಚಿತ್ರ ತೆಗೆದರೆ, ಫೋಕಸ್ ಅದೇ ಸಾಲಿನಲ್ಲಿ ನಿಂತಿದೆಯೋ ಹಿಂದೆಮುಂದೆ ಜಾರಿದೆಯೋ ತಿಳಿಯುತ್ತದೆ. ಜಾರಿದ್ದರೆ ಡಿ500ರ ಮೆನುವಿನಲ್ಲೇ ತಿದ್ದಿಕೊಳ್ಳಬಹುದು. ಪ್ರತಿ ಸಲವೂ ಬೇರೆ ಬೇರೆ ಸಾಲಿಗೆ ಹೋಗಿ ನಿಲ್ಲುತ್ತಿದ್ದರೆ ಮಾತ್ರ ಆ ಲೆನ್ಸನ್ನು ಕೊಳ್ಳಬೇಡಿ.