ಕನ್ನಡ ಆಡಿಯೋ ಬೈಬಲ್ ಪ್ಲೇಯರ್: ಸ್ಕಿಪ್ ಬಟನ್ ಸರಿ ಇಲ್ಲ, ಅದೇ ಒಳ್ಳೇದಾಯ್ತು

ಮೊದ್ಲೇ ಹೇಳ್ಬಿಡ್ತೀನಿ, ಇದು ದೊಡ್ಡ ಕಂಪನಿ ಐಟಂ ಏನಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಹಿಂದ್ಗಡೆ ಚಿಕ್ಕದೊಂದು ಸೋಲಾರ್ ಪ್ಲೇಟು, ಮುಂದೆ ಸ್ಪೀಕರ್, ಕೆಳಗೆ ನಾಲ್ಕೈದು ಬಟನ್, ತಲೆ ಮೇಲೊಂದು ಟಾರ್ಚು. ಒಳಗಡೆ ಕನ್ನಡ ಬೈಬಲ್ ಪೂರ್ತಿ ಓದಿ ತುಂಬಿದಾರೆ, ಆದಿಕಾಂಡದಿಂದ ಪ್ರಕಟನೆ ತನಕ 66 ಪುಸ್ತಕ, 1189 ಅಧ್ಯಾಯ. ಶಿವಮೊಗ್ಗದಲ್ಲಿ ಒಂದು ಕ್ರಿಶ್ಚಿಯನ್ ಬುಕ್ ಸ್ಟಾಲಲ್ಲಿ ತಗೊಂಡಿದ್ದು, ಎರಡು ಸಾವಿರದೊಳಗೇ ಆಯ್ತು. ಅಮ್ಮಂಗೆ ಕಣ್ಣು ಮಂಜು, ದಪ್ಪಕ್ಷರದ ಬೈಬಲ್ಲೂ ಈಗ ಓದೋಕಾಗಲ್ಲ, ಮೊಬೈಲಲ್ಲಿ ಆಪ್ ಹಾಕ್ಕೊಟ್ರೆ ಬೆರಳು ಎಲ್ಲೋ ತಾಗಿ ಇನ್ನೆಲ್ಲೋ ಹೋಗತ್ತೆ, ಮೇಲಾಗಿ ನಮ್ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರೋಡಿಂದ ಒಳಗೆ, ಅಲ್ಲಿ ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ಬೇಕು. ಹಂಗಾಗಿ ಇದು.

ಸೋಲಾರ್ ವಿಷ್ಯ ಮುಗಿಸ್ಬಿಡೋಣ. ಬೇಸಿಗೇಲಿ ಕಿಟಕಿ ಹತ್ರ ಇಟ್ರೆ ಏನೋ ಸ್ವಲ್ಪ ಆಗತ್ತೆ. ಜೂನ್ ಬಂತು ಅಂದ್ರೆ ನಮ್ಮಲ್ಲಿ ಸೂರ್ಯ ಯಾವ ದಿಕ್ಕಲ್ಲಿದಾನೆ ಅಂತಾನೇ ಗೊತ್ತಾಗಲ್ಲ, ಆಗ ಈ ಪ್ಲೇಟು ಬರೀ ಶೋಕಿಗೆ. ಕರೆಂಟ್ ಇದ್ದಾಗ ಚಾರ್ಜರ್ ಹಾಕಿ ತುಂಬಿಸ್ಕೊಳ್ಳೋದೇ ದಾರಿ. ಒಂದ್ಸಲ ಫುಲ್ ಆದ್ರೆ ಅಮ್ಮನ ಲೆಕ್ಕದಲ್ಲಿ, ಅಂದ್ರೆ ಬೆಳಿಗ್ಗೆ ಸ್ವಲ್ಪ ರಾತ್ರಿ ಸ್ವಲ್ಪ ಕೇಳೋ ಲೆಕ್ಕದಲ್ಲಿ, ಒಂದಷ್ಟು ದಿನ ಆರಾಮಾಗಿ ಬರತ್ತೆ. ಸೌಂಡು ಸುಮಾರು. ತಗಡಿನ ಮೇಲೆ ಮಳೆ ಹೊಡೀತಿದ್ರೆ ಪ್ರವಾದಿಗಳೂ ಸೋಲ್ತಾರೆ, ಹೆಂಚಿನ ಕೋಣೆಗೆ ತಗೊಂಡು ಹೋಗ್ಬೇಕು.

ಈಗ ದೊಡ್ಡ ಕಂಪ್ಲೇಂಟು. ಬೇಕಾದ ವಚನಕ್ಕೆ ಸೀದಾ ಹೋಗೋಕೆ ಆಗಲ್ಲ. ಪುಸ್ತಕ ಬದಲಾಯ್ಸೋ ಬಟನ್ ಇದೆ, ಅಧ್ಯಾಯ ಬದಲಾಯ್ಸೋದೂ ಇದೆ, ಆದ್ರೆ ಅಧ್ಯಾಯದ ಬಟನ್ ಗಟ್ಟಿ, ಒತ್ತಿದ್ರೆ ಒಂದೊಂದ್ಸಲ ಕೇಳತ್ತೆ ಒಂದೊಂದ್ಸಲ ಇಲ್ಲ, ಅಮ್ಮನ ಬೆರಳಿಗಂತೂ ಇಲ್ವೇ ಇಲ್ಲ. ಇನ್ನೊಂದು, ಬ್ಯಾಟರಿ ಪೂರ್ತಿ ಸತ್ತು ಮತ್ತೆ ಆನ್ ಆದ್ರೆ ನಿಂತಲ್ಲಿಂದ ಶುರು ಆಗಲ್ಲ, ವಾಪಸ್ ಆದಿಕಾಂಡ ಒಂದನೇ ಅಧ್ಯಾಯ. ಮಳೆಗಾಲದಲ್ಲಿ ಲೋಕ ಎಷ್ಟು ಸಲ ಸೃಷ್ಟಿ ಆಯ್ತು ನಮ್ಮನೇಲಿ ಅಂತ ಕೇಳ್ಬೇಡಿ.

ವಾಪಸ್ ಕೊಡೋಣ ಅಂತ ನಾನು ಹೊರಟಿದ್ದೆ, ಅಮ್ಮನೇ ಬೇಡ ಅಂದ್ರು. ಯಾಕೆ ಅಂತ ಹೇಳೋಕೆ ಸ್ವಲ್ಪ ಸುತ್ತಿ ಬರ್ಬೇಕಾಗತ್ತೆ. ನಮ್ಮ ಸಭೆಗಳಲ್ಲಿ, ಅಂದ್ರೆ ಚರ್ಚುಗಳಲ್ಲಿ, ಡಿಸೆಂಬರ್ 31 ರಾತ್ರಿ ಆರಾಧನೆ ಮುಗಿದ್ಮೇಲೆ ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡ್ ಕೊಡ್ತಾರಲ್ಲ, ತಟ್ಟೇಲಿ ಇಟ್ಟಿರ್ತಾರೆ, ಮನೆಗೊಂದು ಎತ್ಕೊಳ್ಳೋದು, ವರ್ಷ ಪೂರ್ತಿ ಅದು ಗೋಡೆ ಮೇಲೆ. ಒಳ್ಳೇದೇ, ನಾನೇನೂ ಬೇಡ ಅನ್ನಲ್ಲ. ಆದ್ರೆ ಆ ಕಾರ್ಡಲ್ಲಿ ಬರೋದು ಬರೀ ಸಿಹಿ ಭಾಗ. ಯೆರೆಮೀಯ 29ರ 11 ಅಂತೂ ಅರ್ಧ ಊರಿನ ಕ್ಯಾಲೆಂಡರಲ್ಲಿ ಇದೆ, ನಿಮಗೆ ಒಳ್ಳೇದಾಗೋ ಯೋಚನೆನೇ ನನ್ನದು, ಕೇಡಿನದ್ದಲ್ಲ ಅಂತ ದೇವರು ಹೇಳೋದು. ಅದು ಯಾರಿಗೆ ಬರೆದ ಕಾಗದ? ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ. ಹೋಗಿದ್ದು ಯಾಕೆ? ತಮ್ಮದೇ ದ್ರೋಹದಿಂದ. ಅದರ ಹಿಂದಿನ ವಚನದಲ್ಲೇ 70 ವರ್ಷ ಆದ್ಮೇಲೆ ಕರ್ಕೊಂಡು ಬರ್ತೀನಿ ಅಂತಿದೆ, ಅಂದ್ರೆ ಕಾಗದ ಓದಿಸ್ಕೊಂಡ ದೊಡ್ಡವರಲ್ಲಿ ಬಹಳ ಜನ ವಾಪಸ್ ಊರು ನೋಡಲ್ಲ. ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಹಾಕ್ಕೊಳ್ಳಿ, ಮಕ್ಕಳ ಮದುವೆ ಮಾಡಿ ಅಂತಾನೂ ಅದೇ ಕಾಗದದಲ್ಲಿದೆ. ಕಾರ್ಡಿಗೆ ಇಷ್ಟೆಲ್ಲ ಹಿಡಿಯಲ್ಲ, ಸರಿ. ಈ ಡಬ್ಬಿ ಮಾತ್ರ ಬಿಡಲ್ಲ, 11ಕ್ಕೆ ಬರ್ಬೇಕಂದ್ರೆ 10 ಕೇಳ್ಲೇಬೇಕು.

ಪ್ರಲಾಪಗಳೂ ಹಂಗೇ. ಆತನ ಕರುಣೆ ಮುಗಿಯಲ್ಲ, ದಿನಾ ಬೆಳಿಗ್ಗೆ ಹೊಸದು ಅನ್ನೋ ಮಾತು ಎಲ್ಲರಿಗೂ ಬಾಯಿಪಾಠ. ಅದು ಕೂತಿರೋ ಜಾಗ ನೋಡಿ, ಐದು ಅಧ್ಯಾಯದ ಪುಸ್ತಕದ ಮೂರನೇದು, ಹಿಂದೆ ಮುಂದೆ ಎಲ್ಲಾ ಸುಟ್ಟ ಊರು, ಹಸಿವಿಗೆ ಬೀದೀಲಿ ಬಿದ್ದ ಮಕ್ಕಳು. ಅದೂ ಸಾಲದು ಅಂತ ಕೊನೇ ಅಧ್ಯಾಯ ಮುಗಿಯೋದು ನಮ್ಮನ್ನ ಪೂರ್ತಿ ತಳ್ಳಿಬಿಟ್ಯಾ ಅನ್ನೋ ಥರ. ರೆಕಾರ್ಡಿಂಗಲ್ಲಿ ಓದೋವ್ರು ಆ ಸಿಹಿ ವಚನಕ್ಕೆ ಅಂತ ದನಿ ಬದಲಾಯ್ಸಿಲ್ಲ, ಅದೇ ಸುಸ್ತಾದ ದನೀಲಿ ಓದ್ಕೊಂಡು ಹೋಗಿದಾರೆ, ನಂಗೆ ಅದು ಬಹಳ ಸರಿ ಅನ್ನಿಸ್ತು. ಹಿನ್ನೆಲೆ ಸಂಗೀತ ಹಾಕಿರೋದು ಮಾತ್ರ ಬೇಡಿತ್ತು, ಕೆಲವು ಕಡೆ ಸೀರಿಯಲ್ ಥರ ಆಗತ್ತೆ.

ನಮ್ಮನೇಲಿ ಇದು ಜಾಸ್ತಿ ಓಡೋದು ಅಡಿಕೆ ಕೊಯ್ಲಿನ ಟೈಮಲ್ಲಿ. ರಾತ್ರಿ ಹೆಂಗಸರೆಲ್ಲ ಮೆಟ್ಟುಗತ್ತಿ ಇಟ್ಕೊಂಡು ಸುಲಿಯೋಕೆ ಕೂತಾಗ ಏನಾದ್ರೂ ಒಂದು ಕಿವಿಗೆ ಬೇಕಲ್ಲ. ಪಕ್ಕದ್ಮನೆ ಅಕ್ಕ ಬರ್ತಾರೆ, ಅವ್ರು ಸಭೆಯವ್ರಲ್ಲ, ಆದ್ರೆ ಕಥೆ ಅಂದ್ರೆ ಬಿಡಲ್ಲ. ಬ್ಯಾಟರಿ ದೆಸೆಯಿಂದ ಅವ್ರಿಗೆ ಅಬ್ರಹಾಮನ ಕಥೆ ಈಗ ಚೆನ್ನಾಗಿ ಗೊತ್ತು. ಐಗುಪ್ತಕ್ಕೆ ಹೋಗಿ ಜೀವಭಯಕ್ಕೆ ಹೆಂಡ್ತೀನ ತಂಗಿ ಅಂತ ಹೇಳಿದ್ದು ಆದಿಕಾಂಡ 12ನೇ ಅಧ್ಯಾಯ. ಆಯ್ತು ಹೊಸಬ, ಹೆದರ್ಕೊಂಡ ಅನ್ನೋಣ. 20ಕ್ಕೆ ಬಂದ್ರೆ ಗೆರಾರಿನಲ್ಲಿ ರಾಜ ಅಬೀಮೆಲೆಕನ ಮುಂದೆ ಮತ್ತೆ ಅದೇ ಸುಳ್ಳು! "ಅಲ್ಲ ಕಣ್ರೀ, ನಿಮ್ ದೇವ್ರಿಗೆ ಬೇರೆ ಒಳ್ಳೇ ಮನುಷ್ಯ ಯಾರೂ ಸಿಗ್ಲಿಲ್ವಾ" ಅಂತ ಅಕ್ಕ ಕೇಳಿದ್ರು. ಅಮ್ಮ ಕತ್ತಿಯಿಂದ ಕಣ್ಣೆತ್ತದೇ "ಸಿಕ್ಕಿದ್ರೆ ತಾನೇ" ಅಂದ್ರು.

ಆ ಎರಡು ಸುಳ್ಳಿನ ಮಧ್ಯದಲ್ಲೇ 15ನೇ ಅಧ್ಯಾಯ ಇರೋದು. ಓದ್ವಾಗ ನಾನು ಯಾವತ್ತೂ ಅಲ್ಲಿ ನಿಂತಿರ್ಲಿಲ್ಲ, ಕೇಳ್ವಾಗ ನಿಂತೆ. ಸಂತಾನ, ನಾಡು ಕೊಡ್ತೀನಿ ಅಂತ ದೇವರು ಕೊಟ್ಟ ಮಾತಿಗೆ ಒಡಂಬಡಿಕೆ ಮಾಡ್ಕೊಳ್ಳೋಕೆ ಅಬ್ರಹಾಮ ಕಡಸು, ಆಡು, ಟಗರು ತಂದು ಸೀಳಿ ಎದುರುಬದುರು ಇಡ್ತಾನೆ. ಆ ಕಾಲದಲ್ಲಿ ಮಾತು ಕೊಡೋವ್ರು ಆ ತುಂಡುಗಳ ನಡುವೆ ನಡ್ಕೊಂಡು ಹೋಗೋದು ಪದ್ಧತಿ, ತಪ್ಪಿದ್ರೆ ನನ್ನ ಗತೀನೂ ಹಿಂಗೇ ಆಗ್ಲಿ ಅಂತ. ಯೆರೆಮೀಯ 34ರಲ್ಲಿ ಹಂಗೆ ನಡೆದು ಮಾತು ತಪ್ಪಿದವ್ರ ಪಾಡು ಬರತ್ತೆ, ಕೇಳೋಕೇ ಭಯ. ಇಲ್ಲಿ ಏನಾಗತ್ತೆ ಅಂದ್ರೆ ಹೊತ್ತು ಮುಳುಗೋವಾಗ ಅಬ್ರಹಾಮನಿಗೆ ಗಾಢ ನಿದ್ದೆ. ಹೊಗೆ ಆಡೋ ಒಲೆ, ಉರಿಯೋ ಪಂಜು, ಅದು ಮಾತ್ರ ತುಂಡುಗಳ ನಡುವೆ ಹಾದು ಹೋಗತ್ತೆ. ಅಬ್ರಹಾಮ ನಡೆಯೋದೇ ಇಲ್ಲ. ಆ ಹೊಗೆ, ಬೆಂಕಿ ಅಂದ್ರೆ ದೇವರೇ, ಆತ ಒಬ್ಬನೇ ನಡೆದ. ಎರಡೂ ಕಡೆ ಸಹಿ ಇರ್ಬೇಕಾದ ಪತ್ರಕ್ಕೆ ಒಂದೇ ಕಡೆ ಸಹಿ ಬಿದ್ದ ಹಾಗೆ. ಮುಂದಿನ ಅಧ್ಯಾಯದಲ್ಲೇ ಈ ಪುಣ್ಯಾತ್ಮನಿಗೆ ಕಾಯೋಕಾಗದೇ ಹೆಂಡ್ತಿಯ ದಾಸಿ ಹಾಗರಳಿಂದ ಮಗನನ್ನ ಪಡೆಯೋ ಸಂಗತಿ. ಆದ್ರೂ ಸಹಿ ಅಳಿಸಲಿಲ್ಲ.

ಮಾತು ತಪ್ಪೋದು ಅಂದ್ರೆ ನಮ್ಮ ಜಿಲ್ಲೆಯವ್ರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತು, ಶರಾವತಿ ಕಣಿವೆ ಮುಳುಗಿ ಎದ್ದು ಬಂದ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಜಮೀನಿನ ಹಕ್ಕಿಗೆ ಅಂತ ಇವತ್ತಿಗೂ ಅಲೀತಿದಾರೆ. ಪಕ್ಕದ್ಮನೆ ಅಕ್ಕನ ತವರೂ ಮುಳುಗಡೆ ಕಡೇದೇ. ಹಂಗಾಗಿ ಮಾತು ಕೊಟ್ಟವನು ತಾನೇ ತುಂಡುಗಳ ನಡುವೆ ನಡೆದ ಅಂದಾಗ ಅವ್ರು ಸುಲಿಯೋದು ನಿಲ್ಲಿಸಿ ಆ ಅಧ್ಯಾಯ ಮತ್ತೊಂದ್ಸಲ ಹಾಕೋಕೆ ಹೇಳಿದ್ರು. ಹಾಕೋಕೆ ಆಗ್ಬೇಕಲ್ಲ, ಬಟನ್!

ನ್ಯಾಯಸ್ಥಾಪಕರು ಪುಸ್ತಕ ಕೇಳೋದು ತಾಳ್ಮೆ ಪರೀಕ್ಷೆ. ಇಸ್ರಾಯೇಲ್ಯರು ತಪ್ಪು ಮಾಡ್ತಾರೆ, ಶತ್ರು ಕೈಗೆ ಸಿಗ್ತಾರೆ, ಕೂಗ್ತಾರೆ, ದೇವರು ಬಿಡಿಸ್ತಾನೆ, ಮತ್ತೆ ತಪ್ಪು. ಬರ್ತಾ ಬರ್ತಾ ಬಿಡಿಸೋಕೆ ಬರೋವ್ರೇ ಕೆಟ್ಟು ಹೋಗಿರ್ತಾರೆ, ಸಂಸೋನನ್ನ ನೋಡಿ. ಇಲ್ಲಿ ಒಂದು ಮಾತು ಹೇಳ್ಬೇಕು, ದೇವರ ಈ ನಂಬಿಗಸ್ತಿಕೆ, ಅಂದ್ರೆ ಕೊಟ್ಟ ಮಾತು ಬಿಡದಿರೋದು, ಅನ್ನೋದನ್ನ ಕೆಲವರು ಪ್ರಸಂಗ ಮಾಡೋ ರೀತಿ ನಂಗೆ ಹಿಡಿಸಲ್ಲ. ನೀನೇನೇ ಮಾಡು, ದೇವರು ಅಡ್ಜಸ್ಟ್ ಮಾಡ್ಕೋತಾನೆ ಅನ್ನೋ ಥರ. ಪೂರ್ತಿ ಕೇಳಿದ್ರೆ ಹಂಗಿಲ್ಲ. ರಾಜ ದಾವೀದ ಊರೀಯನ ಹೆಂಡ್ತಿ ವಿಷ್ಯದಲ್ಲಿ ಮಾಡಿದ್ದಕ್ಕೆ ಪ್ರವಾದಿ ನಾತಾನ ಬಂದು ಮುಖಕ್ಕೆ ಹೇಳ್ತಾನೆ, ಕ್ಷಮೆಯೂ ಆಗತ್ತೆ, ಆದ್ರೆ ಕತ್ತಿ ನಿನ್ನ ಮನೆ ಬಿಟ್ಟು ಹೋಗಲ್ಲ ಅಂತಾನೂ ಹೇಳ್ತಾನೆ. ದಾವೀದನ ಮಕ್ಕಳು ಅಮ್ನೋನ, ಅಬ್ಷಾಲೋಮ ಸತ್ರು, ಒಂದೊಂದಾಗಿ ನಡೆದೇ ಹೋಯ್ತು. ಮೋಶೆಯಂಥವನೇ ಬಂಡೆ ಹೊಡೆದಿದ್ದಕ್ಕೆ ದೇವರು ಕೊಡ್ತೀನಿ ಅಂದ ಕಾನಾನ್ ನಾಡಿಗೆ ಕಾಲಿಡ್ಲಿಲ್ಲ, ಬೆಟ್ಟದ ಮೇಲಿಂದ ನೋಡಿದ್ದಷ್ಟೇ. ಫಲ ಉಣ್ಣಿಸ್ತಾನೆ, ಕೈ ಬಿಡಲ್ಲ, ಎರಡೂ ಒಟ್ಟಿಗೆ. 2 ಸಮುವೇಲ 7ರಲ್ಲಿ ದಾವೀದನಿಗೆ ಕೊಟ್ಟ ಮಾತಲ್ಲೇ ಇದು ಇದೆ, ನಿನ್ನ ಮಗ ತಪ್ಪಿದ್ರೆ ಕೋಲು ತಗೋತೀನಿ, ಆದ್ರೆ ನನ್ನ ಪ್ರೀತಿ ಅವನಿಂದ ತೆಗೆಯಲ್ಲ ಅಂತ.

ಪ್ರವಾದಿ ಹೋಶೇಯನ ಪುಸ್ತಕ ಬಂದಾಗ ಮಕ್ಕಳನ್ನ ಒಳಗೆ ಕಳ್ಸಿದ್ವಿ. ಬಿಟ್ಟು ಹೋದ ಹೆಂಡ್ತೀನ 15 ಬೆಳ್ಳಿ ನಾಣ್ಯ, ಮೇಲೊಂದಿಷ್ಟು ಜವೆಗೋಧಿ ಕೊಟ್ಟು ಕೊಂಡು ವಾಪಸ್ ತರ್ತಾನೆ, ದುಡ್ಡು ಪೂರ್ತಿ ಇರ್ಲಿಲ್ವೋ ಏನೋ ಅಂತ ಅಮ್ಮನ ಊಹೆ, ಅದಕ್ಕೇ ಧಾನ್ಯ ಸೇರ್ಸಿದಾನೆ ಅಂತಾರೆ. ಯಾವ ಪ್ರಸಂಗದಲ್ಲೂ ನಾನು ಇದನ್ನ ಕೇಳಿರ್ಲಿಲ್ಲ.

ಹೊಸ ಒಡಂಬಡಿಕೆ ಓದಿರೋದು ಬೇರೆ ದನಿ, ಸ್ವಲ್ಪ ಸ್ಪೀಡು. ಯೋಹಾನ 18ರಿಂದ 21ರ ತನಕ ಒಂದೇ ಪಟ್ಟಿಗೆ ಕೇಳಿ, ಶಿಷ್ಯ ಪೇತ್ರ ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸ್ಕೊಂಡು ಯೇಸು ಯಾರೋ ಗೊತ್ತಿಲ್ಲ ಅಂದಿದ್ದು, ಆಮೇಲೆ ಸಮುದ್ರದ ದಡದಲ್ಲಿ ಯೇಸು ಬೆಂಕಿ ಮೇಲೆ ಮೀನು ಸುಟ್ಟಿಟ್ಟು ಬನ್ನಿ ಊಟ ಮಾಡಿ ಅನ್ನೋದು. ಮೊದ್ಲು ಊಟ, ಪ್ರಶ್ನೆ ಆಮೇಲೆ. ತಿಮೊಥೆಯನಿಗೆ ಬರೆದ ಎರಡನೇ ಪತ್ರದ 2ನೇ ಅಧ್ಯಾಯದಲ್ಲಿ, ನಾವು ನಂಬಿಗಸ್ತರಾಗದಿದ್ರೂ ಆತ ನಂಬಿಗಸ್ತನೇ ಅನ್ನೋದರ ಹಿಂದಿನ ಸಾಲಲ್ಲೇ ನಾವು ಆತನನ್ನ ಅಲ್ಲಗಳೆದ್ರೆ ಆತನೂ ನಮ್ಮನ್ನ ಅಲ್ಲಗಳೀತಾನೆ ಅಂತಿದೆ. ಎರಡೂ ಹೆಂಗೆ ಒಟ್ಟಿಗೆ ನಿಲ್ಲತ್ತೆ ಅಂತ ಅಮ್ಮ ನಮ್ಮ ಅಯ್ಯನೋರನ್ನ, ಅಂದ್ರೆ ಸಭೆಯ ಪಾಸ್ಟರನ್ನ, ಕೇಳಿದ್ರು. ಅವ್ರು ಪೇತ್ರನ ಕಡೆ ಬೆರಳು ತೋರ್ಸಿದ್ರು, ಅಲ್ಲಗಳೆದು ಅಲ್ಲೇ ನಿಂತ್ಕೊಳ್ಳೋದು ಬೇರೆ, ಅಲ್ಲಗಳೆದು ಅಳ್ತಾ ಹೊರಗೆ ಹೋಗೋದು ಬೇರೆ ಅಂತ. ನಂಗೆ ಅರ್ಧ ಒಪ್ಪಿಗೆ ಆಯ್ತು, ಅಮ್ಮಂಗೆ ಪೂರ್ತಿ.

ತಗೊಳ್ಳೋವ್ರಿಗೆ ಒಂದೆರಡು ಮಾತು. ನೀವು ಕ್ಯಾಥೊಲಿಕ್ ಆಗಿದ್ರೆ ಮೊದ್ಲೇ ವಿಚಾರಿಸಿ, ಇದ್ರಲ್ಲಿ 66 ಪುಸ್ತಕ ಮಾತ್ರ, ನಿಮ್ಮ 73 ಇಲ್ಲ, ದೇವರ ಹೆಸರೂ ಯೆಹೋವ ಅಂತಾನೇ ಬರತ್ತೆ, ಸರ್ವೇಶ್ವರ ಅಂತ ಅಲ್ಲ. ಬಿ.ಹೆಚ್. ರೋಡ್ ಕೆಥೀಡ್ರಲ್ಲಿಗೆ ಹೋಗೋ ನನ್ನ ಫ್ರೆಂಡ್ ಇದೇ ಕಾರಣಕ್ಕೆ ತಗೊಳ್ಳಲಿಲ್ಲ. ಭಾಷೆ ಹಳೇ ಗ್ರಾಂಥಿಕ, ಹುಡುಗ್ರಿಗೆ ಸ್ವಲ್ಪ ಕಷ್ಟ, ವಯಸ್ಸಾದವ್ರಿಗೆ ಅದೇ ಇಷ್ಟ. ಅಂಗಡೀಲೇ ಆನ್ ಮಾಡಿಸಿ ಅಧ್ಯಾಯದ ಬಟನ್ ಐದಾರು ಸಲ ಒತ್ತಿ ನೋಡಿ, ಸ್ಪೀಕರ್ ಫುಲ್ ಇಟ್ಟು ಕೇಳಿ. ಬಿಲ್ ಇಸ್ಕೊಳ್ಳಿ. ಚಾರ್ಜರ್ ವೈರು ಡಬ್ಬಿಯೊಳಗೆ ಕೊಡೋದು ಗಿಡ್ಡ, ಬೇರೆ ಉದ್ದದ್ದು ತಗೊಂಡ್ರೆ ಒಳ್ಳೇದು. ಐದಕ್ಕೆ ಮೂರೂವರೆ ಕೊಡ್ತೀನಿ, ಅಮ್ಮನ್ನ ಕೇಳಿದ್ರೆ ಐದಕ್ಕೆ ಐದು, ಪಕ್ಕದ್ಮನೆ ಅಕ್ಕ ತಮಗೂ ಒಂದು ತರ್ಸಿಕೊಡಿ ಅಂತ ದುಡ್ಡು ಕೊಟ್ಟಿದಾರೆ, ಬಟನ್ ಸರಿ ಇರೋದೇ ಬೇಕಂತೆ.